ಎಲ್ಲಿ ಆಯ್ತು ಅಂತ ಕೇಳಬಾರದು

ಮುರಳಿಕೃಷ್ಣನ ಗ್ರಹಚಾರ ಸುರುವಾದದ್ದು ಮಂಗಳೂರಿನ ಒಂದು ಶಿಬಿರದಿಂದ. ವ್ಯಕ್ತಿತ್ವ ವಿಕಸನದ ಶಿಬಿರ. ಊಟವೇನೋ ಚಂದ ಇತ್ತಂತೆ. ಅಲ್ಲಿ ಟೈ ಕಟ್ಟಿದ ಒಬ್ಬರು, ಹೊಸಬರನ್ನು ಕಂಡ ಕೂಡಲೇ ಊರು, ಮನೆ, ಅಪ್ಪ, ಅಜ್ಜ ಅಂತ ಕೇಳುವುದು ಹಳ್ಳಿಗುಗ್ಗುಗಳ ಕೆಲಸ, ನಾಗರಿಕರು ಆಟ ಆಡಿಸಿ ಬಿಗುಮಾನ ಬಿಡಿಸುತ್ತಾರೆ, ಅದಕ್ಕೆ ‘ಐಸ್ ಬ್ರೇಕರ್’ ಎಂದು ಹೆಸರು ಎಂದೆಲ್ಲ ಹೇಳಿ ಕಳಿಸಿದರು. ಇವನೂ ಅದನ್ನು ಹೊತ್ತುಕೊಂಡು ಪುತ್ತೂರಿಗೆ ಬಂದ.

ನೀವೇ ಹೇಳಿ, ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ‘ನಿಮ್ಮದು ಎಲ್ಲಿ ಆಯ್ತು?’ ಅಂತ ಊರು ಕೇಳದೆ ಮಾತು ಸುರುವಾದದ್ದು ಉಂಟಾ? ಸುಬ್ರಹ್ಮಣ್ಯದ ಬಸ್ಸಿನಲ್ಲಿ ಪಕ್ಕ ಕೂತವನನ್ನು ಕೇಳಿ ನೋಡಿ. ನಾಲ್ಕು ಸ್ಟಾಪು ದಾಟುವುದರೊಳಗೆ ಅವನ ಅತ್ತೆ ನಿಮ್ಮ ಚಿಕ್ಕಮ್ಮನ ನಾದಿನಿ ಆಗಿರುತ್ತಾಳೆ. ಆಗಲಿಲ್ಲ ಅಂದರೆ ನೀವು ಸರಿಯಾಗಿ ಕೇಳಲಿಲ್ಲ, ಅಷ್ಟೆ. ಇದು ನಮ್ಮ ವಿದ್ಯೆ. ಹೆಮ್ಮೆಯಿಂದ ಹೇಳುತ್ತೇನೆ, ಮಂಗಳೂರಿನ ಟೈಯವರಿಗೆ ಇದು ಬರುವುದಿಲ್ಲ.

ಆದರೆ ಮುರಳಿಕೃಷ್ಣನಿಗೆ ಬೇರೆಯೇ ಆಸೆ. ಬಡಾವಣೆಯ ಸಂಘದ ಅಧ್ಯಕ್ಷ ಆಗಬೇಕು. ಐವತ್ತೆಂಟು ವರ್ಷದ ಬಾಳಿನಲ್ಲಿ ಅವನ ಹೆಸರಿನ ಹಿಂದೆ ಒಂದೂ ಪದವಿ ಕೂತಿರಲಿಲ್ಲ. ಹಳೆ ಅಧ್ಯಕ್ಷ ಪ್ರೇಮನಾಥಣ್ಣ ನಿವೃತ್ತಿಗೆ ಹೊರಟವರು ಸ್ಪಷ್ಟವಾಗಿಯೇ ಹೇಳಿದ್ದರು: “ಭಾನುವಾರ ಹೊಸ ಬಾಡಿಗೆಯ ಹುಡುಗನಿಗೆ ಸ್ವಾಗತಕೂಟ. ನೀನೇ ನಡೆಸು ಮಾರಾಯ. ಹುಡುಗ ನಗಾಡಿಕೊಂಡು ಮನೆಗೆ ಹೋಗಬೇಕು. ಚಂದ ಆದರೆ ಮುಂದಿನ ಅಧ್ಯಕ್ಷ ನೀನೇ. ಹಾಳಾದರೆ ಮತ್ತೆ ನನ್ನ ಹತ್ತಿರ ಬರಬೇಡ.”

ಭಾನುವಾರ ಸಂಜೆ ಬಡಾವಣೆಯವರೆಲ್ಲ ಸಭಾಭವನದಲ್ಲಿ ಸೇರಿದರು. ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಮುರಳಿಕೃಷ್ಣ ಮೈಕು ಹಿಡಿದ.

“ಇವತ್ತು ಒಂದೇ ನಿಯಮ. ‘ಎಲ್ಲಿ ಆಯ್ತು?’ ಅಂತ ಯಾರೂ ಕೇಳ್ಲಿಕ್ಕಿಲ್ಲ! ಕೇಳಿದವರು ಹತ್ತು ಬಸ್ಕಿ ಹೊಡೀಬೇಕು.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರಿನ ಸಾಲಿನ ಚೆನ್ನಕ್ಕನಂತೂ ಬಾಯಿಗೆ ಬಂದ ಮಾತನ್ನು ಎಲೆಅಡಿಕೆಯ ಜೊತೆ ನುಂಗಿದರು.

ಹೊಸ ಹುಡುಗ ಅಭಿರಾಮ, ಇಪ್ಪತ್ತಾರರ ಪ್ರಾಯ, ಬ್ಯಾಂಕಿನ ಕೆಲಸ. ಮೂಲೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದ. ಮುರಳಿಕೃಷ್ಣ ಅವನ ಬೆನ್ನು ತಟ್ಟಿ, “ಹೆದರಬೇಡ ತಮ್ಮಾ, ನಾನಿದ್ದೇನೆ” ಅಂದು ತಲೆಗೊಂದು ಬಣ್ಣದ ಕಾಗದದ ಟೊಪ್ಪಿ ಇಟ್ಟ. ಹುಡುಗ ಇನ್ನಷ್ಟು ಮುದುಡಿದ.

ಮೊದಲ ಆಟ, ನಮ್ಮ ಹೆಸರಿನ ಮೊದಲ ಅಕ್ಷರದ ಹಣ್ಣಿನೊಂದಿಗೆ ಪರಿಚಯ.

“ಮೂಸಂಬಿ ಮೂಸಕುಂಞಿ!” ಎಂದು ಅಂಗಡಿಯ ಮೂಸಕುಂಞಿ ಎದ್ದು ಹೇಳಿದಾಗ ನಗೆ ಎದ್ದಿತು. ಮುರಳಿಕೃಷ್ಣ ಉಬ್ಬಿ, “ಮುಳ್ಳುಸೌತೆ ಮುರಳಿಕೃಷ್ಣ!” ಅಂದ.

“ಮುಳ್ಳುಸೌತೆ ಹಣ್ಣಾ?” ಚೆನ್ನಕ್ಕ ಹಿಡಿದುಕೊಂಡರು. “ಅದು ತರಕಾರಿ ಮಾರಾಯ.”

“ಬೀಜ ಇದ್ದದ್ದೆಲ್ಲ ಹಣ್ಣೇ ಚೆನ್ನಕ್ಕ.”

“ಹಾಗಾದ್ರೆ ಬದನೆಯೂ ಹಣ್ಣಾ? ನಾಳೆ ದೇವರಿಗೆ ಬದನೆ ಇಡ್ತೀಯಾ?”

ಅರ್ಧ ಸಭೆ ಹಣ್ಣಿನ ಕಡೆ, ಇನ್ನರ್ಧ ತರಕಾರಿ ಕಡೆ ಆಯಿತು. ಮಾತು ಏರಿ ಏರಿ, ಅಕ್ಕಪಕ್ಕದ ಮನೆಯ ಇಬ್ಬರು ಹಳೆಯ ಬೇಲಿಯ ತಕರಾರನ್ನೂ ಎತ್ತಿದರು. ಹೊಸ ಹುಡುಗನ ಹಣ್ಣು ಯಾವುದೆಂದು ಕೇಳಲು ಎಲ್ಲರಿಗೂ ಮರೆತೇ ಹೋಯಿತು.

ಅವಸರವಸರವಾಗಿ ಎರಡನೆಯ ಆಟಕ್ಕೆ ಹಾರಿದ ಮುರಳಿಕೃಷ್ಣ. ಪಕ್ಕದವರ ಹವ್ಯಾಸ ಕೇಳಿ ತಿಳಿದುಕೊಳ್ಳಬೇಕು. ಅಭಿರಾಮನ ಪಾಲಿಗೆ ಚೆನ್ನಕ್ಕ ಬಂದರು.

“ನಿನ್ನ ಹವ್ಯಾಸ ಎಂತ ಮಗಾ?”

“ಪುಸ್ತಕ ಓದೂದ್ರಿ.”

“ಅಯ್ಯೋ ಪಾಪ, ಇನ್ನೂ ಓದಿ ಮುಗಿಯಲಿಲ್ವಾ? ಕೆಲಸ ಸಿಕ್ಕಿತು ಅಂತ ಹೇಳಿದ್ರಲ್ಲ!”

ಆಮೇಲೆ ಊರು ಕೇಳುವ ಹಾಗಿಲ್ಲ, ಕೇಳದೆ ಮುಂದೆ ಹೋಗುವ ದಾರಿಯೂ ಇಲ್ಲ. ಇಷ್ಟು ದಿನ ಗಂಟಲು ಒಣಗುವವರೆಗೆ ಮಾತಾಡುತ್ತಿದ್ದ ಜನ ತಲೆಮೇಲಿನ ಫ್ಯಾನು ನೋಡುತ್ತ ಕೂತರು. ಒಡೆಯಬೇಕಿದ್ದ ಐಸು ಇವನ ಆಟದಿಂದಲೇ ಹೆಪ್ಪುಗಟ್ಟಿತ್ತು. ಪ್ರೇಮನಾಥಣ್ಣ ಗಡಿಯಾರ ನೋಡಿದರು.

ಅಷ್ಟರಲ್ಲಿ ಅಭಿರಾಮ ಟೊಪ್ಪಿ ತೆಗೆದಿಟ್ಟು ಎದ್ದ. “ಸ್ವಲ್ಪ ತಲಿ ನೋಯ್ತದರಿ. ಬರ್ತೀನಿ.”

ಬಾಗಿಲ ಕಡೆ ಹೊರಟದ್ದು ಹುಡುಗನಲ್ಲ, ಅಧ್ಯಕ್ಷ ಪದವಿ! ಮುರಳಿಕೃಷ್ಣನಿಗೆ ಶಿಬಿರವೂ ನೆನಪಾಗಲಿಲ್ಲ, ನಿಯಮವೂ ನೆನಪಾಗಲಿಲ್ಲ. ಓಡಿ ಹೋಗಿ ಹುಡುಗನ ಕೈ ಹಿಡಿದವನೇ, “ನಿಲ್ಲು ತಮ್ಮಾ! ನಿನ್ನದು ಎಲ್ಲಿ ಆಯ್ತು?” ಅಂದುಬಿಟ್ಟ.

“ಕೇಳಿದ! ಕೇಳಿದ!” ಚೆನ್ನಕ್ಕ ಚಪ್ಪಾಳೆ ತಟ್ಟಿದರು. ಬಸ್ಕಿ ತಪ್ಪಲಿಲ್ಲ. ಹತ್ತನೆಯದಕ್ಕೆ ಮುರಳಿಕೃಷ್ಣ ಕೂತಲ್ಲಿಂದ ಏಳಲಾರದೆ ಒದ್ದಾಡುವಾಗ, ಅಭಿರಾಮನೇ ಕೈ ಕೊಟ್ಟು ಎಬ್ಬಿಸುತ್ತ ಉತ್ತರ ಹೇಳಿದ.

“ಹುಟ್ಟಿ ಬೆಳೆದದ್ದು ಧಾರವಾಡರಿ. ಮೂಲ ಇಲ್ಲೇ ಸುಳ್ಯದ ಹತ್ರ ಆಲೆಟ್ಟಿ.”

“ಆಲೆಟ್ಟಿಯಾ!” ಮುರಳಿಕೃಷ್ಣನ ಹೆಂಡತಿ ಶಂಕರಿ ಎದ್ದೇ ನಿಂತಳು. “ಅದು ನನ್ನ ಅಮ್ಮನ ತವರು! ಧಾರವಾಡಕ್ಕೆ ಹೋದ ಶ್ಯಾಮ ಮಾಸ್ಟ್ರು ನಿಮಗೆ ಎಂತ ಆಗ್ಬೇಕು?”

“ನಮ್ಮಪ್ಪರಿ. ಅವರಿಗೆ ವಯಸ್ಸಾದ ಮ್ಯಾಲೆ ಹುಟ್ಟಿದಂವ ನಾ.”

“ಅಯ್ಯೋ ದೇವರೇ! ಅವರು ನನ್ನ ಅಮ್ಮನ ಸ್ವಂತ ಚಿಕ್ಕಪ್ಪ! ಹಾಗಾದ್ರೆ ನೀವು ಅಮ್ಮನಿಗೆ ತಮ್ಮ. ನನಗೆ ಸೋದರಮಾವ!”

ಕಟ್ಟೆ ಒಡೆಯಿತು. ಮೂಸಕುಂಞಿಯ ಅಪ್ಪ ಅದೇ ಶ್ಯಾಮ ಮಾಸ್ಟ್ರು ಊರು ಬಿಡುವ ಮೊದಲು ಕಲಿಸುತ್ತಿದ್ದ ಶಾಲೆಯ ಎದುರು ಅಂಗಡಿ ಇಟ್ಟವರು. ಚೆನ್ನಕ್ಕನ ಅಣ್ಣ ಅವರ ಕೈಯಲ್ಲಿ ಪೆಟ್ಟು ತಿಂದವರು. ಪ್ರೇಮನಾಥಣ್ಣನೂ ತಿಂದವರೇ, ಎರಡು ವರ್ಷ. ಎಲ್ಲರೂ ಹುಡುಗನನ್ನು ಮುತ್ತಿಕೊಂಡರು. ಬೇಲಿಯ ತಕರಾರಿನವರೂ ಒಂದೇ ತಟ್ಟೆಯಿಂದ ಗೋಳಿಬಜೆ ತಿಂದರು. ಹುಡುಗ ನಕ್ಕ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಪ್ರೇಮನಾಥಣ್ಣ ಮೈಕು ತೆಗೆದುಕೊಂಡರು. “ಇಷ್ಟು ಚಂದದ ಕಾರ್ಯಕ್ರಮ ನಮ್ಮಲ್ಲಿ ಆದದ್ದೇ ಇಲ್ಲ. ಕೊಟ್ಟ ಮಾತಿನಂತೆ ಮುಂದಿನ ಅಧ್ಯಕ್ಷ...”

ಮುರಳಿಕೃಷ್ಣ ಅಂಗಿಯ ಕಾಲರು ಸರಿ ಮಾಡಿಕೊಂಡು ಹಾರಕ್ಕೆ ಕುತ್ತಿಗೆ ಬಗ್ಗಿಸಿದ.

“ತಡೀರಿ ಪ್ರೇಮನಾಥಣ್ಣ,” ಶಂಕರಿ ಅಡ್ಡ ಬಂದಳು. “ಸೋದರಮಾವ ಎದುರಿಗೆ ಕೂತಿರುವಾಗ ಇವರು ಮೇಲಿನ ಕುರ್ಚಿಯಲ್ಲಿ ಕೂರುದಾ? ಅಮ್ಮನ ತವರಿನವರು ನನಗೆ ಎಂತ ಹೇಳಿಯಾರು!”

“ಹೌದಲ್ಲ!” ಅಂದಿತು ಸಭೆ. “ಮಾಸ್ಟ್ರ ಮಗನೇ ಆಗಲಿ!”

“ನಾ ಬಂದು ಇನ್ನೂ ವಾರ ಆಗಿಲ್ರಿ,” ಅಭಿರಾಮ ಗಾಬರಿಬಿದ್ದ.

“ನೀನು ಬಂದದ್ದಲ್ಲ ಮಗಾ, ವಾಪಸು ಬಂದದ್ದು,” ಎಂದು ಪ್ರೇಮನಾಥಣ್ಣ ಹಾರ ಹಾಕಿಯೇ ಬಿಟ್ಟರು.

ಮುರಳಿಕೃಷ್ಣನ ಹೊಟ್ಟೆ ಉರಿಯಿತು. ಉರಿಯದೆ ಇರುತ್ತದಾ? ಆದರೆ ತಡವಾಗಿ ಬಂದ ಆಚೆ ಬೀದಿಯವರೊಬ್ಬರು, “ಹಾರ ಹಾಕಿಸಿಕೊಂಡವರು ಯಾರು ಮುರಳಿಯಣ್ಣ?” ಅಂತ ಕೇಳಿದಾಗ ಅವನ ಎದೆ ತನ್ನಷ್ಟಕ್ಕೇ ಉಬ್ಬಿತು.

“ಗೊತ್ತಿಲ್ವಾ? ಹೊಸ ಅಧ್ಯಕ್ಷರು. ನಮ್ಮ ಮಾವ! ಆಲೆಟ್ಟಿಯ ದೊಡ್ಡ ಮನೆತನ!”

ಅದನ್ನು ಕೇಳಿ ಅಭಿರಾಮನಿಗೂ ಸ್ವಲ್ಪ ಧೈರ್ಯ ಬಂತು. ಹಾರ ಸರಿ ಮಾಡಿಕೊಂಡು ಮೊದಲ ಬಾರಿ ಗಟ್ಟಿಯಾಗಿ ಮಾತಾಡಿದ.

“ಅಳಿಯಂದ್ರ, ಈ ಕುರ್ಚಿ ಎಲ್ಲಾ ಒಳಗ ಇಡ್ತೀರೇನ್ರಿ?”

“ಇಡುವ ಮಾವ,” ಅಂದ ಮುರಳಿಕೃಷ್ಣ, ನೋಯುವ ಮಂಡಿ ಹಿಡಿದುಕೊಂಡು ಬಗ್ಗಿದ.