ದ್ವೀಪದವರ ಹರಕೆಗೆ ನಮ್ಮ ಹುಂಜ

ಸಿಂಚನ, ಪ್ರೀತಮ್, ಈ ಸಲ ರಜೆಗೆ ಬಂದ ಕೂಡಲೇ ನೀವು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು. "ಅಜ್ಜಿ, ಕೆಂಪನ ಬಾಲ ಎಲ್ಲಿ?" ಇದಕ್ಕೆ ನಿಮ್ಮ ಮಂಜು ಮಾವ ಒಂದು ಕಥೆ ಹೇಳುತ್ತಾನೆ, ಸುಮತ್ತೆ ಇನ್ನೊಂದು ಹೇಳುತ್ತಾಳೆ. ಪಕ್ಕದ ಮನೆ ಜಯಕ್ಕನ ಕಥೆಯಂತೂ ಹಾನುಬಾಳಿನ ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಆಗಲೇ ಬಾಯಿಪಾಠವಾಗಿದೆ. ಎದುರು ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಓದಿದವಳು ನಾನು, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ತಪ್ಪು ನನ್ನದಲ್ಲ, ಟಿವಿಯದು!

ಸಂಜೆ ಏಳು ಗಂಟೆಗೆ ಒಂದು ಧಾರಾವಾಹಿ ಬರುತ್ತದೆ. ಜನ ಯಾವುದೋ ದೇಶದವರು, ಮಾತು ಮಾತ್ರ ಕನ್ನಡ. ಹಡಗು ಮುಳುಗಿ ಆರು ಜನ ಒಂದು ದ್ವೀಪದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಒಬ್ಬ ಡಾಕ್ಟರು, ಒಬ್ಬ ಕಳ್ಳ, ಸದಾ ಜಗಳವಾಡುವ ಗಂಡ ಹೆಂಡತಿ, ಒಬ್ಬ ಮುದುಕ, ಎರಡು ಜಡೆಯ ಒಂದು ಪುಟ್ಟ ಹುಡುಗಿ. ಆ ಹುಡುಗಿಗೆ ನಮ್ಮ ಸಿಂಚನಳಷ್ಟೇ ವಯಸ್ಸು. ನಕ್ಕರೆ ಅವಳ ಹಾಗೇ ಮುಂದಿನ ಹಲ್ಲಿಲ್ಲ. ಅಷ್ಟು ಸಾಕಾಯಿತು ನನಗೆ.

ನಾನು ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ. ಸ್ತ್ರೀಶಕ್ತಿ ಸಂಘದ ಮೀಟಿಂಗಿನಲ್ಲಿ ನನ್ನ ಹೆಸರು ಕರೆದರೆ "ಬಂದವ್ರೆ" ಎಂದು ಜಯಕ್ಕನೇ ಹೇಳಬೇಕು. ನಿಮ್ಮ ತಾತ ಇದ್ದಾಗ ಅವರು ವಾರ್ತೆ ನೋಡುತ್ತಾ ಇಡೀ ಸರ್ಕಾರವನ್ನೇ ಬೈಯುತ್ತಿದ್ದರು, ನಾನು ಒಳಗೆ ಕೂತು ಕೇಳುತ್ತಿದ್ದೆ. ಅವರು ಹೋದ ಮೇಲೆ ಟಿವಿಯೂ ನನ್ನ ಪಾಲಿಗೆ ಬಂತು, ಬೈಯುವ ಕೆಲಸವೂ ಬಂತು. ಟಿವಿಯವರು ತಿರುಗಿ ಮಾತಾಡುವುದಿಲ್ಲವಲ್ಲ! ಅವರೆದುರು ನಾನು ಹುಲಿ.

ಬೈಯದೆ ಇರುವುದಾದರೂ ಹೇಗೆ? ಆ ಡಾಕ್ಟರು ಗುಡಿಸಲಿಗೆ ಗರಿ ಹೊದಿಸುವುದನ್ನು ನೀವು ನೋಡಬೇಕಿತ್ತು. ಮೇಲಿನಿಂದ ಶುರು ಮಾಡಿ ಕೆಳಕ್ಕೆ ಬಂದ! ಕೆಳಗಿನ ಸಾಲು ಮೊದಲು ಹೊದಿಸಿ, ಅದರ ಮೇಲೆ ಮೇಲಿನ ಸಾಲು ಕೂತರೆ ತಾನೇ ನೀರು ಜಾರುವುದು?

"ಲೋ ಮಾರಾಯ, ಕೆಳಗ್ಲಿಂದ ಹೊದ್ಸೋ! ಮಳೆ ಬಂದ್ರೆ ಮಗೀನ ತಲೆ ಮೇಲೇ ಸುರೀತದೆ!" ಎಂದು ನಾನು ಕೂಗಿದೆ.

"ಅವ್ನು ಡಾಕ್ಟ್ರು ಕಣಕ್ಕ, ಪಾಪ, ಮನೆ ಹೊದ್ಸೋದು ಅವ್ನಿಗೇನ್ ಗೊತ್ತು?" ಎಂದಳು ಪಕ್ಕದಲ್ಲಿ ಕೂತಿದ್ದ ಜಯಕ್ಕ. "ಆ ಯಮ್ಮನ್ನ ನೋಡು. ಹಡಗು ಮುಳುಗ್ತು, ತುಟಿ ಬಣ್ಣ ಮಾತ್ರ ಮುಳುಗ್ಲೇ ಇಲ್ಲ!"

ಒಂದು ದಿನ ಏಡಿ ಕಂಡು ಆರೂ ಜನ ಓಡಿದರು. ನಮ್ಮ ಗದ್ದೆ ಬದುವಿನಲ್ಲಿ ಏಡಿ ಕಂಡರೆ ಜನ ಓಡುತ್ತಾರೆ, ಆದರೆ ಹಿಡಿಯಲಿಕ್ಕೆ! ಇನ್ನೊಂದು ದಿನ ಹಸಿವು ಹಸಿವು ಎಂದು ಅತ್ತರು. ಹಿಂದೆ ನೋಡಿದರೆ ಆಳೆತ್ತರದ ಬಿದಿರು ಮೆಳೆ. "ಕಳಲೆ ಮುರ್ಕೊಳ್ರೋ!" ಎಂದು ನಾನು ಗಂಟಲು ಹರಿದುಕೊಂಡೆ. ಅಡುಗೆ ಮನೆಯಿಂದ ಸುಮ ಹೇಳಿದಳು, "ಅತ್ತೆ, ಅವ್ರೆಲ್ಲ ಶೂಟಿಂಗ್ ಮುಗ್ಸಿ, ಉಂಡು, ಆಗ್ಲೇ ಮಲಗವ್ರೆ. ನೀವೂ ಬನ್ನಿ ಉಣ್ಣಕ್ಕೆ."

ಹೋಗಲಿ, ಇಷ್ಟಕ್ಕೇ ನಿಂತಿದ್ದರೆ ಕೆಂಪನಿಗೆ ಬಾಲ ಉಳಿಯುತ್ತಿತ್ತು.

ಒಂದು ಸಂಜೆ ದ್ವೀಪಕ್ಕೆ ಬಿರುಗಾಳಿ ಬಂತು. ಎರಡು ಜಡೆಯ ಹುಡುಗಿ ಒಂದು ಬಂಡೆಯ ಮೇಲೆ ಒಬ್ಬಳೇ ನಿಂತಿದ್ದಾಳೆ, ಸುತ್ತ ನೀರು ಏರುತ್ತಿದೆ, ಅಷ್ಟರಲ್ಲಿ ಧಾರಾವಾಹಿ ಮುಗಿಯಿತು! ನನಗೆ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವಳೇ ಸ್ನಾನ ಮಾಡಿ, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ದೇವರ ಗೂಡಿನ ಮುಂದೆ ಕೈ ಮುಗಿದೆ. "ಬನದಮ್ಮ ತಾಯಿ, ಆರು ಜನಾನೂ ಕ್ಷೇಮವಾಗಿ ಮನೆ ಸೇರಿದ್ರೆ ನಿಂಗೊಂದು ಕೆಂಪು ಹುಂಜ ಒಪ್ಪಿಸ್ತೀನಿ."

ಬನದಮ್ಮ ನಮ್ಮ ಊರ ದೇವಿ. ಅವಳಿಗೆ ಸಲ್ಲುವುದು ಕೆಂಪು ಹುಂಜವೇ.

ಹಿಂದೆ ತಿರುಗಿದರೆ ಮೊಸರಿಗೆ ಹೆಪ್ಪು ಕೇಳಲು ಬಂದ ಜಯಕ್ಕ. ಅವಳ ಕಿವಿಗೆ ಕೊನೆಯ ಎರಡು ಮಾತು ಮಾತ್ರ ಬಿದ್ದಿತ್ತು.

"ಹುಂಜದ ಹರಕೆನಾ? ಯಾರಿಗ್ ಏನಾಯ್ತು ಗೌರಕ್ಕ?"

"ಒಂದು ಮಗೀಗೆ," ಎಂದೆ.

"ಯಾರ ಮಗು?"

"ದೂರದಲ್ಲೈತೆ," ಎಂದೆ.

ಟಿವಿಯವರಿಗೆ ಎಂದು ಹೇಳಲು ನಾಚಿಕೆಯಾಯಿತು. ನಾನು ಹೇಳಿದ್ದು ಒಂದೂ ಸುಳ್ಳಲ್ಲ. ಆದರೆ ನನ್ನ ಮೊಮ್ಮಕ್ಕಳು ಇರುವುದು ಹಾಸನದಲ್ಲಿ, ಹಾಸನ ಇರುವುದು ದೂರದಲ್ಲಿ. ನಿಮ್ಮಲ್ಲೊಬ್ಬರಿಗೆ ಹುಷಾರಿಲ್ಲವೆಂದು ಜಯಕ್ಕ ಕೂಡಿ ಕಳೆದು ಲೆಕ್ಕ ಮುಗಿಸಿದಳು. ಮಂಜು "ಏನ್ ಹರಕೆ ಅವ್ವಾ?" ಎಂದಾಗ "ತೀರೋ ತನಕ ಹೇಳ್ಬಾರ್ದು" ಎಂದುಬಿಟ್ಟೆ. ತನ್ನ ಮಂಡಿ ನೋವಿಗೇ ಇರಬೇಕು ಎಂದುಕೊಂಡು ಅವನು ಎರಡು ದಿನ ನನ್ನ ಜೊತೆ ಬಹಳ ಪ್ರೀತಿಯಿಂದ ಮಾತಾಡಿದ.

ಬನದಮ್ಮ ದೊಡ್ಡವಳು. ಹುಡುಗಿ ಬಂಡೆಯಿಂದ ಪಾರಾದಳು. ಶುಕ್ರವಾರದ ಹೊತ್ತಿಗೆ ಹಡಗೇ ಬಂತು! ಆರು ಜನರೂ ಮನೆ ಸೇರಿ, ಅವರವರ ಕಡೆಯವರನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ, ಜಯಕ್ಕನೂ ಅತ್ತಳು. ಕೊನೆಯಲ್ಲಿ 'ಮುಂದುವರಿಯುವುದು' ಎಂದು ಬಂತಂತೆ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಓದಲಿಲ್ಲ.

ಶನಿವಾರ ನಮ್ಮ ಕಡೆಯೂ ಗಾಳಿ ಬೀಸಿ, ಮರ ಬಿದ್ದು ತಂತಿ ಹರಿದು ಕರೆಂಟು ಹೋಯಿತು. ಇಲ್ಲಿ ಕರೆಂಟು ಹೋದರೆ ಮೊಬೈಲಿನ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನವರು ಮನೆ ಸೇರಿದ್ದರಲ್ಲ! ಮಂಗಳವಾರ ಹರಕೆ ತೀರಿಸುವುದೆಂದು ಪಕ್ಕದ ಊರಿನ ಪೂಜಾರಿ ಸಣ್ಣಯ್ಯನಿಗೆ ಹೇಳಿ ಕಳಿಸಿ, ಹುಂಜ ತರಲು ಮಂಜುವನ್ನು ಹಾನುಬಾಳಿಗೆ ಅಟ್ಟಿದೆ. ಬರಿಗೈಯಲ್ಲಿ ಬಂದ.

"ಬಿಳೀದೈತೆ, ಕರೀದೈತೆ, ಬ್ರಾಯ್ಲರ್ ಅಂತೂ ಬೇಕಾದಷ್ಟೈತೆ. ಕೆಂಪು ಹುಂಜ ಒಂದೂ ಇಲ್ಲ ಕಣವ್ವ. ಎಲ್ಲಾ ಎಸ್ಟೇಟಿನೋರು ತಗೊಂಡು ಹೋಗ್ಬುಟ್ಟವ್ರೆ."

ಸರಿಯಾಗಿ ಆಗಲೇ ಕೊಟ್ಟಿಗೆಯ ಮೇಲೆ ನಿಂತು ಕೆಂಪ ಕೂಗಿದ. ದಡ್ಡ!

ಎಲ್ಲರೂ ಆ ಕಡೆ ತಿರುಗಿದರು. ಜಯಕ್ಕ ಹೇಳಿದಳು, "ಮನೇಲೇ ಕೆಂಪು ಹುಂಜ ಇಟ್ಕೊಂಡು ಊರೆಲ್ಲ ಹುಡುಕುದ್ರೆ ಅಮ್ಮಂಗೆ ಕಣ್ಣು ಕಾಣಕ್ಕಿಲ್ವಾ?"

ಮಕ್ಕಳೇ, ಅಂಗೈಯಲ್ಲಿ ಹಿಡಿಯುವಷ್ಟು ಮರಿ ಇದ್ದಾಗಿನಿಂದ ನೀವು ಸಾಕಿದ ಹುಂಜ ಅದು. ಹಾಸನಕ್ಕೆ ಹೊರಡುವಾಗ "ಇವನನ್ನು ಸಾರು ಮಾಡಲ್ಲ ಅಂತ ಆಣೆ ಹಾಕು" ಎಂದು ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡು ಹೋಗಿದ್ದಿರಿ. ಆ ಕಡೆ ನೀವು, ಈ ಕಡೆ ಬನದಮ್ಮ. ನಡುವೆ ಒಂದೇ ಹುಂಜ. ಭಾನುವಾರವೆಲ್ಲ ಯೋಚಿಸಿದೆ. ನಿಮ್ಮ ಕೋಪ ಒಂದು ಪೊಟ್ಟಣ ಚಕ್ಕುಲಿಗೆ ಇಳಿಯಬಹುದು. ಆದರೆ ಹರಕೆ ತಪ್ಪಿತೆಂದು ಬನದಮ್ಮ ಸಿಟ್ಟಾಗಿ, ಆ ಮಗುವನ್ನು ವಾಪಸ್ ದ್ವೀಪಕ್ಕೇ ಕಳಿಸಿಬಿಟ್ಟರೆ? ಕೆಂಪನನ್ನೇ ಒಪ್ಪಿಸುವುದೆಂದು ಕಲ್ಲು ಮನಸ್ಸು ಮಾಡಿದೆ.

ದಿನವೂ ನನ್ನ ಕೈಯಿಂದ ಅಕ್ಕಿ ತಿನ್ನುವ ಹುಂಜ, ಮಂಗಳವಾರ ಬೆಳಿಗ್ಗೆ ನನ್ನ ಮುಖ ನೋಡಿದ್ದೇ ಓಡಿತು. ಕಾಫಿ ಗಿಡಗಳ ಸಂದಿಯಲ್ಲಿ ಅದು ಮುಂದೆ, ನಾನು ಹಿಂದೆ, ನನ್ನ ಹಿಂದೆ ಸುಮ. ಕೊನೆಗೆ ಬಾಲಕ್ಕೆ ಕೈ ಹಾಕಿ ಗಟ್ಟಿಯಾಗಿ ಹಿಡಿದೆ. ಬಾಲ ನನ್ನ ಕೈಯಲ್ಲೇ ಉಳಿಯಿತು, ಹುಂಜ ಹೋಯಿತು! ಆಮೇಲೆ ಅದು ತಾನಾಗಿ ಬಚ್ಚಲು ಮನೆಗೆ ನುಗ್ಗಿ ಸಿಕ್ಕಿಬಿತ್ತು. ಬಾಲದ ವಿಷಯ ಇಷ್ಟೇ. ಆದರೆ ನಾಚಿಕೆಯ ವಿಷಯ ಇನ್ನೂ ಇದೆ.

ಬನದಮ್ಮನ ಕಟ್ಟೆಯ ಹತ್ತಿರ ಹೋದರೆ ನಾನು ಕರೆಯದವರೂ ಬಂದಿದ್ದಾರೆ! ಜಯಕ್ಕನ ಲೆಕ್ಕ ಬಸ್ಸು ಹತ್ತಿ ಊರೂರು ತಿರುಗಿತ್ತು. ನನ್ನ ಮೈದುನ ದೋಣಿಗಲ್‌ನಿಂದ ಜೀಪು ಮಾಡಿಕೊಂಡು ಮನೆಮಂದಿಯೊಂದಿಗೆ ಬಂದಿದ್ದ. ಕೈಯಲ್ಲಿ ಬ್ರೆಡ್ಡು, ಒಂದು ಚೀಲ ಮೋಸಂಬಿ.

"ಅತ್ತಿಗೆ, ಮಗೀಗೆ ಈಗ ಹೆಂಗೈತೆ?"

"ಮನೆ ಸೇರ್ತು ಕಣಪ್ಪ," ಎಂದೆ.

"ಆಸ್ಪತ್ರೆಯಿಂದ ಯಾವಾಗ ಬುಟ್ರು?"

ನಾನು ಸೆರಗು ಸರಿಮಾಡಿಕೊಂಡು ಗಂಟೆ ಬಾರಿಸಲು ಹೋದೆ.

ನಮ್ಮಲ್ಲಿ ಒಂದು ಕ್ರಮವಿದೆ. ಹುಂಜಕ್ಕೆ ಅರಿಶಿನ ಕುಂಕುಮವಿಟ್ಟು, ತಲೆಯ ಮೇಲೆ ತೀರ್ಥ ಹಾಕುತ್ತಾರೆ. ಹುಂಜ ಮೈ ಕೊಡವಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ಕೊಡವುವವರೆಗೂ ಯಾರೂ ಅದನ್ನು ಮುಟ್ಟುವಂತಿಲ್ಲ. ಸಾಮಾನ್ಯವಾಗಿ ಕೋಳಿಗೆ ನೀರು ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡವಿಬಿಡುತ್ತದೆ.

ಪೂಜಾರಿ ಸಣ್ಣಯ್ಯ ತೀರ್ಥ ಹಾಕಿದ. ಕೆಂಪ ಕೊಡವಲಿಲ್ಲ. ಇನ್ನೊಂದು ಸಲ ಹಾಕಿದ. ಕೆಂಪ ಕಣ್ಣು ಮುಚ್ಚಿಕೊಂಡ. ಸಣ್ಣಯ್ಯ ಚೆಂಬು ತರಿಸಿ ಧಾರೆಯಾಗಿ ಸುರಿದ. ಕೆಂಪ ಹಾಯಾಗಿ ಕತ್ತು ಚಾಚಿ, ಒಂದು ರೆಕ್ಕೆ ಎತ್ತಿ, ಅಲ್ಲಿಗೂ ಹಾಕಿ ಎನ್ನುವಂತೆ ನಿಂತ!

ಬೇಸಿಗೆ ರಜೆಯಲ್ಲಿ ದಿನಾ ಬೆಳಿಗ್ಗೆ ನಲ್ಲಿಯ ಕೆಳಗೆ ಹಿಡಿದು, ರೆಕ್ಕೆ ಎತ್ತಿಸಿ ಸ್ನಾನ ಮಾಡಿಸಿದವರು ಯಾರು? "ಕೋಳಿಗ್ಯಾಕ್ರೋ ಸ್ನಾನ" ಎಂದು ನಾನು ಬೈದಿದ್ದೆ. ಆ ಬೈಗುಳವನ್ನು ಈಗ ವಾಪಸ್ ತೆಗೆದುಕೊಂಡಿದ್ದೇನೆ.

ಜನರಲ್ಲಿ ಗುಸುಗುಸು ಶುರುವಾಯಿತು. ಸಣ್ಣಯ್ಯ ಚೆಂಬು ಕೆಳಗಿಟ್ಟ. "ಗೌರಮ್ಮ, ಹರಕೇಲೇ ಏನೋ ತೊಡಕೈತೆ. ಯಾರಿಗೋಸ್ಕರ ಹೊತ್ಕೊಂಡಿದ್ದು? ಅಮ್ಮನ ಮುಂದೆ ಬಾಯ್ಬುಟ್ಟು ಹೇಳ್ಬುಡಿ."

ನಾನು ಹೇಳಿದೆ. ನನಗೇ ಕೇಳಿಸಲಿಲ್ಲ.

"ಜೋರಾಗ್ ಹೇಳಿ!"

"ಏಳು ಗಂಟೆ ಧಾರಾವಾಹಿಯೋರ್ಗೆ!" ಎಂದು ಕಿರುಚಿಬಿಟ್ಟೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮೈದುನ ಮೋಸಂಬಿ ಚೀಲ ನೋಡಿಕೊಂಡ. ಮಂಜು ತನ್ನ ಮಂಡಿ ನೋಡಿಕೊಂಡ. ಜಯಕ್ಕ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಮಾರಾಯ್ತಿ! ನಾನೂ ಪಕ್ದಲ್ಲೇ ಕೂತು ಅಳ್ತಿದ್ನಲ್ಲ, ಹೇಳಿದ್ರೆ ನಾನೂ ಒಂದು ಕಾಯಿ ಒಡಿಸ್ತಿರ್ಲಿಲ್ವಾ?" ಎಂದಳು.

ಸಣ್ಣಯ್ಯ ಹುಬ್ಬು ಗಂಟಿಕ್ಕಿದ. "ದ್ವೀಪದೋರಾ? ಅವ್ರೆಲ್ಲಿ ಮನೆ ಸೇರಿದ್ರು?"

"ಶುಕ್ರವಾರ ಹಡಗು ಬಂತಲ್ಲ ಸಣ್ಣಯ್ಯ..."

"ಅದು ಆ ಮುದ್ಕನ ಕನಸು ಕಣಮ್ಮೋ! ನಮ್ಮೂರಲ್ಲಿ ಕರೆಂಟೈತೆ, ನಾನೇ ನೆನ್ನೆ ನೋಡ್ದೆ. ಎದ್ದು ಕಣ್ಣುಜ್ಕೊಂಡು ಕೂತ. ಆರು ಜನಾನೂ ಅಲ್ಲೇ ಅವ್ರೆ. ಸಾಲ್ದು ಅಂತ ಗುಡಿಸ್ಲು ಬೇರೆ ಬಿದ್ದೋಯ್ತು."

"ಮೇಲಿಂದ ಹೊದ್ಸುದ್ರೆ ಬೀಳ್ದೆ ಏನಾಗ್ತದೆ!" ಎಂದೆ ನಾನು, ಅಷ್ಟು ಜನರ ಮಧ್ಯೆ, ಮನೆಯಲ್ಲಿ ಟಿವಿಗೆ ಹೇಳುವಷ್ಟೇ ಜೋರಾಗಿ.

ಆಗ ನಕ್ಕರು ನೋಡಿ! ಕಟ್ಟೆಯ ಮರದ ಮೇಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಸಣ್ಣಯ್ಯ ಮಾತ್ರ ನಗದೆ ತೀರ್ಪು ಕೊಟ್ಟ. "ಕೆಲ್ಸ ಆಗ್ದೆ ಹರಕೆ ತೀರ್ಸಕ್ಕೆ ಬಂದ್ರೆ ಅಮ್ಮ ಹೆಂಗ್ ಒಪ್ತಾಳೆ? ಹುಂಜಾನ ಮನೆಗೆ ತಗೊಂಡೋಗಿ. ಅವ್ರು ನಿಜವಾಗ್ಲೂ ಮನೆ ಸೇರಿದ್ ದಿನ ಕರ್ಕೊಂಡು ಬನ್ನಿ. ಆದ್ರೆ ಇದೇ ಹುಂಜ ಆಗ್ಬೇಕು. ತೀರ್ಥ ಬಿದ್ದೈತೆ, ಬದಲಾಯ್ಸಂಗಿಲ್ಲ."

ಮನೆಗೆ ಬಂದರೆ ಕಡುಬು ಬೆಂದಿತ್ತು, ಮಸಾಲೆ ರುಬ್ಬಿಟ್ಟಿತ್ತು, ಜೀಪಿನಲ್ಲಿ ಬಂದವರು ಕೈ ತೊಳೆದು ಕೂತಿದ್ದರು. ಸಾರಿಗೆ ಬೀಳಬೇಕಾದವನು ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ. ಸುಮ ಅದೇ ಮಸಾಲೆಗೆ ಆಲೂಗೆಡ್ಡೆ ಹಾಕಿದಳು. ಮೈದುನ ಸೌಟು ಆಡಿಸಿ ಆಡಿಸಿ ನೋಡಿ ಕೇಳಿದ, "ಸಾರು ಚೆನ್ನಾಗೈತೆ ಅತ್ತಿಗೆ. ಹುಂಜ ಯಾವ ದ್ವೀಪದಲ್ಲೈತೆ?"

ಮೋಸಂಬಿಯನ್ನು ಅವನು ವಾಪಸ್ ಒಯ್ಯಲಿಲ್ಲ. ರೋಗಿ ಯಾರೆಂದು ಈಗ ಗೊತ್ತಾಯಿತು ಎನ್ನುತ್ತಾ ನನ್ನ ಮಡಿಲಿಗೇ ಇಟ್ಟು ಹೋದ.

ಈಗ ಕರೆಂಟು ಬಂದಿದೆ. ಏಳು ಗಂಟೆಗೆ ಜಯಕ್ಕನೂ ಬರುತ್ತಾಳೆ. ಕೆಂಪನೂ ಬಾಲವಿಲ್ಲದೆ ಬಂದು ಹೊಸಿಲಿನ ಹತ್ತಿರ ಕೂರುತ್ತಾನೆ. ದ್ವೀಪದವರಿಗೆ ಬರಬರುತ್ತಾ ಬುದ್ಧಿ ಬಲಿಯುತ್ತಿದೆ, ಅದೇ ನನಗೆ ಚಿಂತೆ. ಡಾಕ್ಟರು ಮೊನ್ನೆ ಗರಿಯನ್ನು ಕೆಳಗಿನಿಂದ ಹೊದಿಸಿದ. ಕಳ್ಳ ಏಡಿ ಹಿಡಿದ.

ನಿನ್ನೆ ದೂರದಲ್ಲಿ ನಿಜವಾದ ಹಡಗೊಂದು ಕಾಣಿಸಿತು. ಎರಡು ಜಡೆಯ ಹುಡುಗಿ ಹಡಗಿನವರಿಗೆ ಕಾಣಲೆಂದು ದಡದಲ್ಲಿ ಬೆಂಕಿ ಹಾಕಿದಳು. ಒಣ ಸೌದೆ, ಬರೀ ಉರಿ. ಹಗಲು ಹೊತ್ತಿನಲ್ಲಿ ಉರಿ ಯಾರಿಗೆ ಕಾಣುತ್ತದೆ? ಮೇಲೆ ಒಂದು ಹೊರೆ ಹಸಿ ಸೊಪ್ಪು ಹಾಕಿದರೆ ಹೊಗೆ ಮುಗಿಲಿಗೇರುತ್ತದೆ. ಆ ಹುಡುಗಿ ಏನು ಮಾಡಲೆಂದು ತೋಚದೆ ನೇರವಾಗಿ ನನ್ನನ್ನೇ ನೋಡಿದಳು.

"ಹೇಳೇ ಗೌರಕ್ಕ, ಏನ್ ಮಾಡ್ಬೇಕಂತ ಹೇಳೇ!" ಎಂದು ಜಯಕ್ಕ ನನ್ನ ತೋಳು ಅಲ್ಲಾಡಿಸಿದಳು.

ನಾನು ಹೊಸಿಲಿನ ಹತ್ತಿರ ಕೂತಿದ್ದ ಕೆಂಪನ ಕಡೆ ನೋಡಿದೆ. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತೆ. ಈಗ ಟಿವಿಯವರ ಎದುರೂ ನನಗೆ ಮಾತು ಬರುವುದಿಲ್ಲ.