ಇಪ್ಪತ್ತೆರಡು ಮಿಲಿಮೀಟರ್ ಮಳೆ

ಹವಾಮಾನ ಕಚೇರಿಯ ಮಳೆಮಾಪಕ ಇದ್ದದ್ದು ಮೂರಂತಸ್ತಿನ ಒಂದು ವಠಾರದ ತಾರಸಿಯ ಮೇಲೆ. ಅದನ್ನು ನೋಡಿಕೊಳ್ಳುವವನನ್ನು ವಠಾರದವರೆಲ್ಲ ಮಳೆಗುಮಾಸ್ತ ಎನ್ನುತ್ತಿದ್ದರು. ದಿನಾ ಬೆಳಗ್ಗೆ ಎಂಟೂವರೆಗೆ ಡಬ್ಬಿಯಲ್ಲಿ ನಿಂತ ನೀರನ್ನು ಗಾಜಿನ ಅಳತೆಗೆ ಸುರಿದು, ಎಷ್ಟಿದೆಯೆಂದು ಕಚೇರಿಗೆ ಫೋನ್ ಮಾಡುವುದು, ಇಷ್ಟೇ ಅವನ ಕೆಲಸ. ಇಷ್ಟರಲ್ಲೂ ಎರಡು ಸಲ ಎಡವಟ್ಟು ಮಾಡಿದ್ದ. ಮೂರನೆಯದಾದರೆ ಮನೆಗೆ ಕಳಿಸುತ್ತೇವೆಂದು ನಿರ್ದೇಶಕರು ಕಾಗದದಲ್ಲೇ ಬರೆದು ಕೊಟ್ಟಿದ್ದರು.

ಅಂದು ನಿದ್ದೆಗಣ್ಣಿನಲ್ಲಿ ತಾರಸಿಗೆ ಬಂದರೆ ನೆಲವೆಲ್ಲ ಒದ್ದೆ. ಅಳತೆಯಲ್ಲಿ ಇಪ್ಪತ್ತೆರಡು ಮಿಲಿಮೀಟರ್. ತಾನು ಗೊರಕೆ ಹೊಡೆಯುವಾಗ ಮಳೆ ಸುರಿದಿರಬೇಕು ಎಂದುಕೊಂಡು ಫೋನ್ ಮಾಡಿ, ಹಾಲು ತರಲು ಬೀದಿಗಿಳಿದ. ಬೀದಿಯಲ್ಲಿ ಧೂಳು ಏಳುತ್ತಿತ್ತು.

ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದು ಈಗ ಕಣ್ಣುಬಿಟ್ಟು ನೋಡಿದ. ಮಾಪಕದ ನೆತ್ತಿಯ ಮೇಲಿನ ತಂತಿಯಲ್ಲಿ ಪಕ್ಕದ ಮನೆಯ ಅಕ್ಕನ ಕಂಬಳಿ ತೊಟ್ಟಿಕ್ಕುತ್ತಿತ್ತು.

“ಅಕ್ಕ, ಇದನ್ನ ಯಾವಾಗ ಹರವಿದ್ರಿ?”

“ಏಳು ಗಂಟೆಗೆ. ಯಾಕಪ್ಪ, ನಿನ್ನ ಡಬ್ಬಿ ನಾನು ಮುಟ್ಟಿಲ್ಲ.”

ಗುಮಾಸ್ತ ಕಚೇರಿಗೆ ಫೋನ್ ಮಾಡಲು ಹೊರಟ. ತಪ್ಪು ಒಪ್ಪಿಕೊಳ್ಳೋಣವೆನ್ನುವಷ್ಟರಲ್ಲಿ ನಿರ್ದೇಶಕರ ಫೋನೇ ಬಂತು. ‘ಬಂದರೂ ಬರಬಹುದು’ ಎಂದು ವರ್ಷಗಟ್ಟಲೆ ಅಡ್ಡಗೋಡೆಯ ಮೇಲೆ ದೀಪವಿಟ್ಟುಕೊಂಡು ಬಂದಿದ್ದ ಆ ಮನುಷ್ಯ, ಜನರ ಲೇವಡಿ ತಾಳಲಾರದೆ ಹಿಂದಿನ ದಿನ ಟಿವಿಯಲ್ಲಿ, ‘ನಾಳೆ ಬೆಳಗಿನೊಳಗೆ ಈ ಬಡಾವಣೆಗೆ ಇಪ್ಪತ್ತು ಮಿಲಿಮೀಟರ್ ಮಳೆ’ ಎಂದುಬಿಟ್ಟಿದ್ದರು.

“ಅಲ್ಲೇ ಇರಿ, ಟಿವಿಯವರನ್ನ ಕರ್ಕೊಂಡು ಬರ್ತಿದ್ದೀನಿ,” ಎಂದವರೇ ಇವನ ಮಾತಿಗೆ ಕಾಯದೆ ಫೋನಿಟ್ಟರು.

ಟಿವಿ ಎಂದರೆ ಕೇಳಬೇಕೆ? ಹತ್ತು ಗಂಟೆಗೆ ಇಡೀ ವಠಾರ ತಲೆ ಬಾಚಿಕೊಂಡು ತಾರಸಿಯ ಮೇಲಿತ್ತು. ಕೆಳಗಿನಂಗಡಿಯ ದರ್ಜಿ ಕ್ಯಾಮೆರಾ ಮುಂದೆ ನಿಂತು, “ಏನು ಮಳೆ ಅಂತೀರಿ, ಮೂರು ಗಂಟೆಗೆ ಎದ್ದು ಕಿಟಕಿ ಹಾಕ್ದೆ,” ಎಂದ. ಸೆಲೂನಿನವನು ಬಿಟ್ಟಾನೆಯೇ? ಆ ಗಾಳಿಗೆ ತನ್ನ ಛತ್ರಿಯೇ ಹಾರಿಹೋಯಿತೆಂದ. ಅಷ್ಟು ಹೊತ್ತಿನಲ್ಲಿ ಛತ್ರಿ ಹಿಡಿದು ಎಲ್ಲಿಗೆ ಹೊರಟಿದ್ದೆ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಅಕ್ಕ ಮುಂದೆ ಬಂದಳು.

“ಬೇಕಾದ್ರೆ ಮುಟ್ಟಿ ನೋಡಿ. ಆ ಮಳೆಗೆ ನೆಂದ ಕಂಬಳಿ, ಇನ್ನೂ ಒಣಗಿಲ್ಲ.”

ನಿಜವಾಗಿಯೂ ಮಳೆ ಬಂದಿತ್ತೇನೋ ಎಂದು ಒಂದು ಗಳಿಗೆ ಗುಮಾಸ್ತನಿಗೇ ಅನುಮಾನವಾಯಿತು. ಆದರೂ ಅನ್ನ ಕೊಟ್ಟ ಕೆಲಸ, ಸುಳ್ಳು ಹೇಳಬಾರದೆಂದು ನಿರ್ದೇಶಕರನ್ನು ನೀರಿನ ಟ್ಯಾಂಕಿನ ಮರೆಗೆ ಕರೆದೊಯ್ದ.

“ಸಾರ್, ತಪ್ಪಾಗಿದೆ. ಮಳೆ ಬಂದೇ ಇಲ್ಲ. ಅದು ಕಂಬಳಿ ನೀರು.”

ನಿರ್ದೇಶಕರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಬಂದಿಲ್ಲ ಅಂತ ನಂಗೊತ್ತಿಲ್ವೇನ್ರೀ? ಬೆಳಗ್ಗೆ ಆರಕ್ಕೆ ಮೆಟ್ಟಿಲು ಹತ್ತಿ ಬಂದು, ಡಬ್ಬಿಗೆ ನೀರು ಅಳೆದು ಸುರಿದು ಹೋದೋನೇ ನಾನು.”

ಗುಮಾಸ್ತ ತಿರುಗಿ ತನ್ನ ಡಬ್ಬಿಯತ್ತ ನೋಡಿದ.

“ನಾನು ಹಾಕಿದ್ದು ಸರಿಯಾಗಿ ಇಪ್ಪತ್ತು. ನೀವು ಕಂಬಳಿ ನೀರು ಸೇರಿಸಿ ಇಪ್ಪತ್ತೆರಡು ಅಂತ ಹೇಳಿದ್ದೀರಿ. ಇದು ಮೂರನೇದು. ಸಂಜೆಯೊಳಗೆ ಗಾಜಿನ ಅಳತೆ ತಂದು ಕಚೇರಿಗೆ ಒಪ್ಪಿಸಿ. ಇದು ವಿಜ್ಞಾನ ಕಣ್ರೀ, ಅಳತೆ ಒಂಚೂರೂ ಆಚೀಚೆ ಆಗೋ ಹಾಗಿಲ್ಲ.”