ಸರಿಯಾಗಿ ಓಡುತ್ತಿರುವ ಮೀಟರಿನ ವಿರುದ್ಧ ಒಂದು ದೂರು

ನಮ್ಮ ಹೊಸ ಮನೆಯ ಹೊರಗೋಡೆಯ ಮೇಲೆ, ನೆಲದಿಂದ ಐದೂಕಾಲು ಅಡಿ ಎತ್ತರದಲ್ಲಿ, ಬಿಸಿಲು ಮಳೆ ಎನ್ನದೆ ವಿರಾಜಮಾನರಾಗಿರುವ ವಿದ್ಯುತ್ ಮೀಟರ್ ಮಹೋದಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕೆಂಪು ದೀಪ ತಪ್ಪದೆ ಮಿನುಗುತ್ತಿರುವುದನ್ನು ಕಂಡು, ತಾವು ಕ್ಷೇಮವಾಗಿದ್ದೀರೆಂದು ತಿಳಿದು ಸಂತೋಷವಾಯಿತು. ಈ ಕಡೆ ನಾನು ಅಷ್ಟೇನೂ ಕ್ಷೇಮವಾಗಿಲ್ಲ. ಆದರೂ ಪತ್ರದ ಮರ್ಯಾದೆಗೆಂದು ಕ್ಷೇಮ ಎಂದೇ ಬರೆದಿದ್ದೇನೆ, ತಾವು ಹಾಗೆಯೇ ಓದಿಕೊಳ್ಳಬೇಕಾಗಿ ವಿನಂತಿ. ಇದು ಬಹಿರಂಗ ಪತ್ರವೆಂದು ಮೇಲೆ ಬರೆಯುವವನಿದ್ದೆ. ಆದರೆ ಇದನ್ನು ಸದ್ಯಕ್ಕೆ ಮೇಜಿನ ಖಾನೆಯಲ್ಲಿ, ನನ್ನ ಪತ್ನಿ ತೆರೆಯದ ಖಾನೆಯಲ್ಲಿ, ಇಡಬೇಕಾಗಿರುವುದರಿಂದ ಆ ಮಾತನ್ನು ಹಾಗೇ ಬಿಟ್ಟಿದ್ದೇನೆ.

ಮೊದಲು ನನ್ನ ಪರಿಚಯ. ನಾನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಇನ್‌ಸ್ಪೆಕ್ಟರ್ ಆಗಿದ್ದು, ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಎಣ್ಣೆಯ ಅಳತೆಪಾತ್ರೆ ಇವುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಅಂಗಡಿಯವರು ನನ್ನನ್ನು ಬೆನ್ನ ಹಿಂದೆ ಗುಲಗಂಜಿ ಎಂದು ಕರೆಯುತ್ತಾರೆ. ನಮ್ಮ ಹಳೇ ಬೀದಿಯ ಬೇಕರಿಯವನು ನಮ್ಮ ಮದುವೆಯ ಇಪ್ಪತ್ತನೇ ವರ್ಷಕ್ಕೆ ಪ್ರೀತಿಯಿಂದ ಕೇಕು ಕಳಿಸಿದ ಮರುದಿನವೇ, ಅವನ ಬ್ರೆಡ್ಡು ಹತ್ತು ಗ್ರಾಂ ಕಡಿಮೆ ತೂಗಿದ್ದಕ್ಕೆ ನೋಟಿಸು ಕೊಟ್ಟವನು ನಾನು. ಹೀಗಾಗಿ ತಾವೂ ನಾನೂ ಒಂದೇ ಕಸುಬಿನವರು, ಮತ್ತು ಈ ದೂರನ್ನು ಒಬ್ಬ ಸಹೋದ್ಯೋಗಿ ಇನ್ನೊಬ್ಬ ಸಹೋದ್ಯೋಗಿಗೆ ಬರೆದದ್ದೆಂದು ತಾವು ಭಾವಿಸಬಹುದು.

ತಮಗೆ ತಿಳಿದಿರಲಾರದು, ನಾವು ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಪೇಟೆಯ ನಟ್ಟನಡುವೆ, ಒಂದು ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿದ್ದೆವು. ನನ್ನ ಪತ್ನಿ ಕಣ್ಣಾಸ್ಪತ್ರೆಯಲ್ಲಿ ನರ್ಸು. ಆಸ್ಪತ್ರೆ ಎರಡು ಓಣಿಯಾಚೆ. ಆಕೆ ಮಧ್ಯಾಹ್ನ ಮನೆಗೇ ಬಂದು ಉಂಡು, ಹತ್ತು ನಿಮಿಷ ಕಣ್ಣು ಮುಚ್ಚಿ, ಮತ್ತೆ ಹೋಗುತ್ತಿದ್ದಳು. ಎಲ್ಲವೂ ಸರಿಯಿತ್ತು, ಕರೆಂಟ್ ಬಿಲ್ಲೊಂದನ್ನು ಬಿಟ್ಟು. ಎರಡು ಕೋಣೆ, ಇಬ್ಬರು ಮನುಷ್ಯರು, ತಿಂಗಳಿಗೆ ನೂರಹತ್ತು ಯೂನಿಟ್ಟು! ನಾನು ಬಲ್ಬು ಬದಲಿಸಿದೆ, ಫ್ರಿಜ್ಜಿನ ಬಾಗಿಲನ್ನು ದಿನಕ್ಕೆ ಇಷ್ಟೇ ಸಲ ತೆರೆಯಬೇಕೆಂದು ಚೀಟಿ ಅಂಟಿಸಿದೆ, ಕೊನೆಗೆ ಇಸ್ತ್ರಿಪೆಟ್ಟಿಗೆಯನ್ನೇ ಮನೆಯಿಂದ ಗಡೀಪಾರು ಮಾಡಿದೆ. ಬಿಲ್ಲು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ನನ್ನ ಅಂಗಿಗಳನ್ನು ಮಾತ್ರ ಮೇಲಿನ ಕೋಣೆಯ ಕಾಜಾ ಅಕ್ಕ ನೆರೆಹೊರೆಯ ವಿಶ್ವಾಸಕ್ಕೆ ಇಸ್ತ್ರಿ ಮಾಡಿಕೊಡುತ್ತಿದ್ದರು. ಆಕೆ ದರ್ಜಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕಿಕೊಡುವ ವಯಸ್ಸಾದ ಹೆಂಗಸು. ನೋಡು, ಒಂದು ಯೂನಿಟ್ಟೂ ಸುಡದೆ ಗರಿಗರಿ ಅಂಗಿ, ಇದಕ್ಕೆ ಬುದ್ಧಿ ಎನ್ನುತ್ತಾರೆ ಎಂದು ನಾನು ಪತ್ನಿಯ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದೆ. ಆಕೆ ಆಗೆಲ್ಲ ಅಡುಗೆಮನೆಯಲ್ಲಿ ಏನನ್ನೋ ಹುಡುಕಲು ಹೋಗುತ್ತಿದ್ದಳು.

ಕೊನೆಗೆ ಪೇಟೆಯ ವಾಸವೇ ದುಬಾರಿಯೆಂಬ ತೀರ್ಮಾನಕ್ಕೆ ಬಂದು, ಉದ್ದನೆಯ ಹಾಳೆಯಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ಒಂದು ಕೋಷ್ಟಕ ಮಾಡಿದೆ. ಎಡಕ್ಕೆ ಪೇಟೆ, ಬಲಕ್ಕೆ ಹೊರವಲಯದ ಬಡಾವಣೆ. ಕರೆಂಟು, ನೀರು, ಗ್ಯಾಸು, ಕಸ, ಒಂದನ್ನೂ ಬಿಡಲಿಲ್ಲ. ಬಲಗಡೆಯ ಅಂಕಿಗಳನ್ನು ಈ ಬಡಾವಣೆಯಲ್ಲೇ ವಾಸಿಸುವ ನಮ್ಮ ಕಚೇರಿಯ ಗುಮಾಸ್ತರ ಬಿಲ್ಲಿನಿಂದ ತೆಗೆದುಕೊಂಡೆ. ಅದು ಅವರ ಹೆಂಡತಿ ಮಕ್ಕಳು ತವರಿಗೆ ಹೋಗಿದ್ದ, ಅವರೂ ಮೂರು ಹೊತ್ತು ತಂಗಿಯ ಮನೆಯಲ್ಲಿ ಉಂಡ ತಿಂಗಳ ಬಿಲ್ಲೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೋಷ್ಟಕದ ಪ್ರಕಾರ ಇಲ್ಲಿಗೆ ಬಂದರೆ ಖರ್ಚಿನಲ್ಲಿ ಕಾಲುಭಾಗ ಉಳಿಯಬೇಕಿತ್ತು. ಪತ್ನಿಗೆ ತೋರಿಸಿದಾಗ ಆಕೆ ಅದನ್ನು ಎರಡು ಸಲ ಮೇಲಿಂದ ಕೆಳಗೆ ಓದಿ, ಒಂದೇ ಮಾತು ಹೇಳಿದಳು: "ಲೆಕ್ಕ ನಿಮ್ಮದು. ಸರಿಯಾಗಿದ್ರೆ ಹೋಗೋಣ."

ಲೆಕ್ಕ ನನ್ನದಾದ ಮೇಲೆ ಸರಿಯಿರದೆ ಇರುತ್ತದೆಯೇ? ಬಂದೆವು. ಬಂದ ದಿನವೇ ತಮ್ಮ ದರ್ಶನವಾಯಿತು.

ಮಾನ್ಯರೇ, ತಮ್ಮ ಈ ಸಾಮ್ರಾಜ್ಯದ ಸೌಕರ್ಯಗಳನ್ನು ಎಷ್ಟು ಹೊಗಳಿದರೂ ಸಾಲದು. ಪೇಟೆಯಲ್ಲಿ ನೀರು ನಲ್ಲಿಯಲ್ಲಿ ತಾನಾಗಿ ಬರುತ್ತಿತ್ತು, ಅದರಲ್ಲಿ ಏನು ಗೌರವವಿದೆ? ಇಲ್ಲಿ ಬೋರ್‌ವೆಲ್ಲಿನ ಪಂಪು ಅರ್ಧ ಗಂಟೆ ಗುಡುಗಿ, ಇಡೀ ಬೀದಿಗೆ ನಾನು ಸ್ನಾನ ಮಾಡುತ್ತೇನೆಂದು ಸಾರಿದ ಮೇಲೇ ನೀರು ಮೇಲೇರುತ್ತದೆ. ಪೇಟೆಯ ಬೀದಿದೀಪ ನಮ್ಮ ಅಡುಗೆಮನೆಯನ್ನೂ ಪುಕ್ಕಟೆಯಾಗಿ ಬೆಳಗುತ್ತಿತ್ತು. ಇಲ್ಲಿ ಬೀದಿಯನ್ನು ನಾವೇ ಬೆಳಗುತ್ತೇವೆ. ಅಂಗಡಿ ದೂರವೆಂದು ದೊಡ್ಡ ಫ್ರಿಜ್ಜು ಬಂತು, ಲಾಂಡ್ರಿ ಇಲ್ಲವೆಂದು ಬಟ್ಟೆ ಒಗೆಯುವ ಯಂತ್ರ ಬಂತು, ಗಡೀಪಾರಾಗಿದ್ದ ಇಸ್ತ್ರಿಪೆಟ್ಟಿಗೆ ಸಕಲ ಮರ್ಯಾದೆಗಳೊಂದಿಗೆ ಹಿಂದಿರುಗಿತು. ಬೇಸಿಗೆಯಲ್ಲಿ ಬೋರ್‌ವೆಲ್ಲು ಕೈಕೊಟ್ಟಾಗ ಬರುವ ನೀರಿನ ಟ್ಯಾಂಕರಿನವರು ನಮ್ಮನ್ನು ಎಷ್ಟು ಹೊತ್ತು ಬೇಕಾದರೂ ಕಾಯಿಸುವ ಉದಾರಿಗಳು. ಗ್ಯಾಸಿನವನು ಸಿಲಿಂಡರನ್ನು ಮುಖ್ಯರಸ್ತೆಯಲ್ಲೇ ಇಳಿಸಿ, ವ್ಯಾಯಾಮ ಒಳ್ಳೆಯದೆಂದು ಉಪದೇಶಿಸಿ ಹೋಗುತ್ತಾನೆ. ಕಸದ ಗಾಡಿ ಯಾವ ವಾರ ಬರುತ್ತದೆ ಎಂಬುದನ್ನು ಜ್ಯೋತಿಷಿಗಳೂ ಹೇಳಲಾರರು. ಮೊದಲ ತಿಂಗಳ ಕೊನೆಗೆ ತಾವು ನೂರ ನಲವತ್ತೆರಡು ಯೂನಿಟ್ಟು ತೋರಿಸಿದಿರಿ.

ಆಗ ನನಗೆ ಕೋಪ ಬರಲಿಲ್ಲ, ನಿಜ ಹೇಳುತ್ತೇನೆ, ಸಂತೋಷವೇ ಆಯಿತು. ಇಪ್ಪತ್ತನಾಲ್ಕು ವರ್ಷದ ಅನುಭವದಲ್ಲಿ ಅಳತೆಯವನು ಮೋಸ ಮಾಡಿದ್ದನ್ನು ಹಿಡಿಯುವುದು ನನಗೆ ಊಟ ಮಾಡಿದಷ್ಟು ಸುಲಭ. ಒಂದು ಭಾನುವಾರ ಮನೆಯ ಎಲ್ಲವನ್ನೂ ಆರಿಸಿ, ನೂರು ವ್ಯಾಟಿನ ಒಂದೇ ಬಲ್ಬು ಹಚ್ಚಿ, ತಮ್ಮ ಮುಂದೆ ಸ್ಟೂಲು ಹಾಕಿಕೊಂಡು ಕೊಡೆ ಹಿಡಿದು ಒಂದು ಗಂಟೆ ತಮ್ಮ ಮಿನುಗುಗಳನ್ನು ಎಣಿಸಿದೆ. ಎದುರು ಮನೆಯ ನಿವೃತ್ತ ಡ್ರೈವರು ಗೇಟಿನ ಹತ್ತಿರ ಬಂದು, ಮನೆಯಲ್ಲಿ ಎಲ್ಲಾ ಸರಿ ಇದೆಯಾ ಎಂದು ಮೆಲ್ಲಗೆ ವಿಚಾರಿಸಿ ಹೋದರು. ತಮ್ಮ ಮುಖದ ಮೇಲೆ ಬರೆದಿರುವ ಲೆಕ್ಕದಂತೆ ಮುನ್ನೂರಿಪ್ಪತ್ತು ಮಿನುಗು ಬರಬೇಕಿತ್ತು, ಮುನ್ನೂರಿಪ್ಪತ್ತೇ ಬಂದವು. ಮುಂದಿನ ಎರಡು ಭಾನುವಾರವೂ ಅಷ್ಟೇ. ನಾನು ಮುದ್ರೆ ಒತ್ತಿದ ಸಾವಿರಾರು ತಕ್ಕಡಿಗಳಲ್ಲಿ ತಮ್ಮಷ್ಟು ಪ್ರಾಮಾಣಿಕರನ್ನು ಕಂಡಿಲ್ಲ. ಇದೇ ನನ್ನ ದೂರು. ತಾವು ಸರಿಯಾಗಿದ್ದೀರಿ.

ತಾವು ಸರಿಯಾಗಿರುವುದರ ಪರಿಣಾಮವನ್ನು ತಾವು ನೋಡಿಲ್ಲ, ಏಕೆಂದರೆ ಅದು ಮನೆಯೊಳಗಿದೆ. ನನ್ನ ಪತ್ನಿ ಈಗ ಎರಡು ಬಸ್ಸು ಬದಲಿಸಿ ಹೋಗಿ, ಎರಡು ಬಸ್ಸು ಬದಲಿಸಿ ಬರುತ್ತಾಳೆ. ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಾಳೆ. ಇಪ್ಪತ್ತೆರಡು ವರ್ಷ ಆಕೆ ಊಟದ ಹೊತ್ತಿನಲ್ಲಿ ಆ ದಿನದ ರೋಗಿಗಳ ಕಥೆ ಹೇಳಿ ನಗಿಸುತ್ತಿದ್ದಳು, ನಾನು ಕೇಳಿಸಿಕೊಳ್ಳದವನಂತೆ ಉಣ್ಣುತ್ತಿದ್ದೆ. ಈಗ ಕೇಳಲು ಸಿದ್ಧನಿದ್ದೇನೆ, ಹೇಳುವವರಿಲ್ಲ. ಎರಡು ತಿಂಗಳಿಂದ ಶನಿವಾರ ಪೇಟೆಯಲ್ಲಿ ತನ್ನ ಅಕ್ಕನ ಮನೆಯಲ್ಲೇ ಉಳಿಯುತ್ತಾಳೆ. ಆಕೆ ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನಾನು ವಾದ ಮಾಡಿ ಗೆಲ್ಲುತ್ತಿದ್ದೆ, ಅದು ಆಕೆಗೆ ಗೊತ್ತು.

ತಮ್ಮ ಕಂಪನಿಗೆ ನಾನು ಬರೆದ ಏಳು ಪುಟದ ಅರ್ಜಿಯ ಫಲವಾಗಿ ಹೋದ ಮಂಗಳವಾರ ಒಬ್ಬ ಲೈನ್‌ಮ್ಯಾನ್ ಬಂದು, ತಮ್ಮ ಆರೋಗ್ಯ ತಪಾಸಣೆ ನಡೆಸಿ, ತಾವು ಗಟ್ಟಿಮುಟ್ಟಾಗಿದ್ದೀರೆಂದು ಬರೆದುಕೊಟ್ಟರು. ಹೋಗುವಾಗ ಫೋನಿನಲ್ಲಿ ನನ್ನ ಹೆಸರು ಹುಡುಕಿ, ಪೇಟೆಯ ಮೀಟರೂ ನಿಮ್ಮ ಹೆಸರಲ್ಲೇ ಓಡುತ್ತಿದೆಯಲ್ಲ, ತಿಂಗಳಿಗೆ ಅರವತ್ತು ಯೂನಿಟ್ಟು, ಬಿಲ್ಲು ನಿಮ್ಮ ಮನೆಯವರ ನಂಬರಿಗೆ ಹೋಗಿ ಸರಿಯಾಗಿ ಪಾವತಿಯೂ ಆಗುತ್ತಿದೆ ಎಂದರು. ಐದು ತಿಂಗಳಿಂದ ಬೀಗ ಹಾಕಿದ ಖಾಲಿ ಮನೆ ಅರವತ್ತು ಯೂನಿಟ್ಟು ಉರಿಸುತ್ತಿದೆ! ನನ್ನ ಕೈ ತುರಿಸಿತು. ಕೊನೆಗೂ ಒಬ್ಬ ಕಳ್ಳ ಸಿಕ್ಕಿದ.

ಮರುದಿನ ರಜೆ ಹಾಕಿ, ಟಾರ್ಚು, ಸ್ಕ್ರೂಡ್ರೈವರು, ಪಂಚನಾಮೆಯ ಹಾಳೆಗಳ ಸಮೇತ ಹಳೇ ಮನೆಯ ಮೆಟ್ಟಿಲು ಹತ್ತಿದೆ. ಮೀಟರಿನ ಪೆಟ್ಟಿಗೆ ಬಾಗಿಲ ಪಕ್ಕದಲ್ಲೇ ಇತ್ತು. ಹನ್ನೊಂದು ವರ್ಷ ನಾನು ಅದರ ಕೆಳಗೇ ಚಪ್ಪಲಿ ಬಿಟ್ಟಿದ್ದೆ, ಒಮ್ಮೆಯೂ ತೆರೆದು ನೋಡಿರಲಿಲ್ಲ. ಊರಿನ ತಕ್ಕಡಿಯನ್ನೆಲ್ಲ ಪರೀಕ್ಷಿಸಿದವನಿಗೆ ಮನೆಯ ಪೆಟ್ಟಿಗೆ ನೆನಪಾಗಿರಲಿಲ್ಲ. ಅದರೊಳಗಿಂದ ಒಂದು ವೈರು ಹೊರಟು, ಗೋಡೆಯ ಬಣ್ಣವನ್ನೇ ಬಳಿಸಿಕೊಂಡು, ಗೇಣಿಗೊಂದು ಕ್ಲಿಪ್ಪಿನಂತೆ ಬಲು ಅಚ್ಚುಕಟ್ಟಾಗಿ ಮೇಲಿನ ಕೋಣೆಗೆ ಹೋಗಿತ್ತು. ಬಾಗಿಲು ಬಡಿದೆ. ಕಾಜಾ ಅಕ್ಕ ತೆರೆದರು. ಒಳಗೆ ಹೊಲಿಯುವ ಜಾಗದ ಮೇಲೆ ಪ್ರಖರವಾದ ದೀಪ, ಒಂದು ಪುಟ್ಟ ಫ್ಯಾನು, ಕರೆಂಟಿನ ಒಲೆ, ಮತ್ತು ಬಿಸಿಯಾಗಿ ನಿಂತಿದ್ದ ಇಸ್ತ್ರಿಪೆಟ್ಟಿಗೆ. ನನ್ನ ಪುಕ್ಕಟೆ ಅಂಗಿಗಳಿಗೆ ಕರೆಂಟು ಎಲ್ಲಿಂದ ಬರುತ್ತಿತ್ತೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಆಕೆ ಕೈಮುಗಿದರು. "ನಿಮ್ಮದು ದೊಡ್ಡ ಮನಸ್ಸು ಸಾರ್. ಮನೆ ಬಿಟ್ಟು ಹೋದ ಮೇಲೂ ನನ್ನ ದೀಪ ತೆಗೆಸಲಿಲ್ಲ ನೀವು."

ಗಂಡ ತೀರಿಕೊಂಡ ವರ್ಷ, ಬಾಕಿಯಿತ್ತೆಂದು ಕಂಪನಿಯವರು ಆಕೆಯ ಕರೆಂಟು ಕಡಿದರಂತೆ. ಮಬ್ಬು ಬೆಳಕಿನಲ್ಲಿ ಕಾಜಾ ಹೊಲಿದು ಹೊಲಿದು ಕಣ್ಣು ನೋಯತೊಡಗಿ ಆಸ್ಪತ್ರೆಗೆ ಹೋದಾಗ, ಅಲ್ಲಿದ್ದ ನರ್ಸು ನನ್ನ ಪತ್ನಿ. ಆ ವಾರವೇ ಆಕೆ ಎಲೆಕ್ಟ್ರಿಷಿಯನ್ ಕರೆಸಿ ವೈರು ಎಳೆಸಿದಳು, ನಮ್ಮ ಮನೆಯವರೇ ಹಾಕಿಸಿಕೊಡು ಅಂದರು ಎಂದು ಹೇಳಿದಳು. ಇದಾಗಿ ಒಂಬತ್ತು ವರ್ಷ. ಒಂಬತ್ತು ವರ್ಷ ನಾನು ಆ ಮೆಟ್ಟಿಲ ಮೇಲೆ ಒಬ್ಬ ದಾನಿಯಾಗಿ ಓಡಾಡಿದ್ದೇನೆ, ನನಗೊಬ್ಬನಿಗೇ ಗೊತ್ತಿರಲಿಲ್ಲ. ಅಕ್ಕ ಚಹಾ ಕೊಟ್ಟರು, ಕುಡಿದೆ. ಪಂಚನಾಮೆಯ ಹಾಳೆಗಳ ಮೇಲೆ ಕೂತು ಕುಡಿದೆ. ಏಳುವಾಗ ಆಕೆ, ಕೆಳಗಿನ ಮನೆಗೆ ಯಾರೋ ಮುಂಗಡ ಕೊಟ್ಟಿದ್ದಾರಂತೆ, ಒಂದನೇ ತಾರೀಕಿಗೆ ಬರುತ್ತಾರಂತೆ, ಆಮೇಲೆ ಈ ವೈರು ತೆಗೆಯಬೇಕಾಗುತ್ತದೇನೋ ಎಂದು ತಲೆ ತಗ್ಗಿಸಿದರು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನೂರಹತ್ತರಲ್ಲಿ ಅರವತ್ತು ಹೋದರೆ ಪೇಟೆಯಲ್ಲಿ ನಮ್ಮ ಖರ್ಚು ಐವತ್ತು. ತಮ್ಮ ಬಳಿ ನೂರ ನಲವತ್ತೆರಡು. ನನ್ನ ಕೋಷ್ಟಕ ಅಂಗಾತ ಬಿತ್ತು. ಅದು ಬಿದ್ದದ್ದಕ್ಕೆ ಅಷ್ಟು ನೋವಾಗಲಿಲ್ಲ. ಆ ಹಾಳೆಯನ್ನು ನನ್ನ ಪತ್ನಿ ಎರಡು ಸಲ ಓದಿದಾಗಲೇ ತಪ್ಪು ಎಲ್ಲಿದೆಯೆಂದು ಆಕೆಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಆಕೆ ತನ್ನ ಮನೆ, ತನ್ನ ಮಧ್ಯಾಹ್ನದ ಹತ್ತು ನಿಮಿಷ ಎಲ್ಲವನ್ನೂ ಉಳಿಸಿಕೊಳ್ಳಬಹುದಿತ್ತು. ಆದರೆ ಒಂದು ಮೀಟರಿನಿಂದ ಇನ್ನೊಂದು ಮನೆಗೆ ಕರೆಂಟು ಕೊಡುವುದು ನಿಯಮಕ್ಕೆ ವಿರುದ್ಧ, ಮತ್ತು ತನ್ನ ಗಂಡ ಎಂಥವನೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ನಾಲ್ಕು ಬಸ್ಸು ಹತ್ತಲು ಒಪ್ಪಿದಳು, ಕಾಜಾ ಅಕ್ಕನ ದೀಪವನ್ನು ನನ್ನ ಕೈಗೆ ಕೊಡಲು ಒಪ್ಪಲಿಲ್ಲ. ನನಗೆ ನಾಚಿಕೆಯಾಯಿತು, ಮಾನ್ಯರೇ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ ಏನೆಂದರೆ, ತಾವು ದಯಮಾಡಿ ಈ ವಾರದೊಳಗೆ ಕೆಟ್ಟುಹೋಗಬೇಕು. ಬಹಳವಲ್ಲ, ನೂರಕ್ಕೆ ಹತ್ತರಷ್ಟು ವೇಗವಾಗಿ ಓಡಿದರೂ ಸಾಕು. ಮೀಟರ್ ಮೋಸದ್ದು, ಈ ಬಡಾವಣೆಯೇ ಸರಿಯಿಲ್ಲ, ನಡೆ ಪೇಟೆಗೆ ಎಂದು ನಾನು ಗಂಭೀರವಾಗಿ ಹೇಳಿ, ಒಂದನೇ ತಾರೀಕಿನ ಮೊದಲೇ ಆ ಮನೆಯನ್ನು ಹೇಗಾದರೂ ಮರಳಿ ಪಡೆಯಬಹುದು. ಅದು ಸಾಧ್ಯವಿಲ್ಲವಾದರೆ, ನನ್ನ ಲೆಕ್ಕ ತಪ್ಪಿತ್ತು ಎಂಬ ಮೂರು ಪದಗಳನ್ನು ತಮ್ಮ ಪರದೆಯ ಮೇಲೆ ಅಂಕಿಗಳ ಬದಲಿಗೆ ತೋರಿಸಬೇಕು. ಅವು ನನ್ನ ಗಂಟಲಿನಿಂದ ಹೊರಡುತ್ತಿಲ್ಲ. ವೈರಿನ ವಿಷಯದಲ್ಲಿ ಕಾನೂನು ತನ್ನ ಕೆಲಸ ಮಾಡುತ್ತದೆ: ಸಂಪರ್ಕ ನನ್ನ ಹೆಸರಿನಲ್ಲಿರುವುದರಿಂದ ತಪ್ಪಿತಸ್ಥ ನಾನೇ, ನನಗೆ ನಾನೇ ನೋಟಿಸು ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಅಕ್ಕನ ಹಳೇ ಬಾಕಿ ತೀರಿಸಿ ಆಕೆಯ ಹೆಸರಿಗೇ ಹೊಸ ಮೀಟರು ಹಾಕಿಸುವ ಅರ್ಜಿಯನ್ನು ನಾಲ್ಕು ಪ್ರತಿಗಳಲ್ಲಿ ತುಂಬಿದ್ದೇನೆ. ತಮ್ಮ ಕಂಪನಿಯವರು ಅದರಲ್ಲಿ ಒಂದು ಅಲ್ಪವಿರಾಮದ ದೋಷ ಹುಡುಕಿ ತೋರಿಸಲಿ ನೋಡೋಣ.

ಇಂತಿ,
ತಮ್ಮ ಪ್ರತಿ ಮಿನುಗನ್ನೂ ಎಣಿಸಿ ಸೋತ, ತಮ್ಮ ವಿಶ್ವಾಸಿ,
ಗುಲಗಂಜಿ

ಪ್ರತಿಗಳು: ಪಂಪಿನವರಿಗೆ, ದೊಡ್ಡ ಫ್ರಿಜ್ಜಿನವರಿಗೆ, ಹಾಗೂ ಬಂದರೆ ಕಸದ ಗಾಡಿಯವರಿಗೆ.

ಮರೆತ ಮಾತು: ತಾವು ಕೆಟ್ಟುಹೋಗುವ ಲಕ್ಷಣ ಕಾಣದ್ದರಿಂದ ಇಂದು ನಾನೇ ಹಳೇ ಮನೆಯ ಮಾಲೀಕರ ಬಳಿ ಹೋಗಿ, ಮುಂಗಡ ಕೊಟ್ಟವರು ಯಾರು, ಅವರ ಕಾಲು ಹಿಡಿಯುತ್ತೇನೆ ಎಂದೆ. ಅವರು ಬಾಡಿಗೆದಾರರ ಅರ್ಜಿಯನ್ನು ನನ್ನ ಮುಂದಿಟ್ಟು, ನಿಮಗೆ ಗೊತ್ತಿಲ್ವಾ ಎಂದು ಆಶ್ಚರ್ಯಪಟ್ಟರು. ಅದರಲ್ಲಿದ್ದುದು ನನ್ನ ಪತ್ನಿಯ ಹೆಸರು, ಆಕೆಯ ಸಹಿ, ಹೋದ ಶನಿವಾರದ ತಾರೀಕು. ಆಕೆ ನನ್ನನ್ನು ತಮ್ಮ ಜೊತೆಗೆ ಇಲ್ಲೇ ಬಿಟ್ಟುಹೋಗುತ್ತಿದ್ದಾಳೆ ಎಂದುಕೊಂಡೆ. ಕನ್ನಡಕ ಒರೆಸಿಕೊಂಡು ಕೆಳಗಿನ ಸಾಲು ಓದಿದೆ. ವಾಸಿಸುವವರ ಸಂಖ್ಯೆ ಎಂಬಲ್ಲಿ ಎರಡು ಎಂದು ಬರೆದಿದ್ದಳು, ನನ್ನನ್ನೊಂದು ಮಾತು ಕೇಳದೆ. ಈಗ ಈ ಪತ್ರವನ್ನು ಖಾನೆಯಿಂದ ತೆಗೆದು ತಮ್ಮ ಪೆಟ್ಟಿಗೆಯ ಬಾಗಿಲಿಗೆ, ಬಸ್ಸಿಳಿದು ಬರುವವರ ಕಣ್ಣಿಗೆ ಮೊದಲು ಬೀಳುವಂತೆ ಅಂಟಿಸುತ್ತಿದ್ದೇನೆ. ಓದಲು ಮೇಲಿನ ದೀಪ ಹಾಕಿಟ್ಟಿರುತ್ತೇನೆ. ಆ ಯೂನಿಟ್ಟನ್ನು ತಾವು ಧಾರಾಳವಾಗಿ ಎಣಿಸಿಕೊಳ್ಳಿ.